ನಾಲಿಗೆಯ ಮುಳ್ಳು ಕೀಳಬೇಡಿ

ಬೆಳಿಗ್ಗೆ ಹಾಕಿದ ಮೇವನ್ನು ಹಸು ಮೂಸಿ ಹಾಗೇ ಬಿಟ್ಟಿದೆ. ಮೆಲುಕು ಹಾಕುತ್ತಿಲ್ಲ, ಹಾಲು ಅರ್ಧಕ್ಕಿಳಿದಿದೆ. ತಿಳಿದವರು ಎನಿಸಿಕೊಂಡ ಒಬ್ಬರು ಬಂದು ಅದರ ಬಾಯಿ ಅಗಲಿಸಿ, ನಾಲಿಗೆಯನ್ನು ಪಕ್ಕಕ್ಕೆಳೆದು ಹಿಡಿದು, 'ನೋಡಿ, ಮುಳ್ಳು ಬೆಳೆದಿದೆ, ಅದಕ್ಕೇ ಮೇವು ಬಿಟ್ಟಿದೆ' ಎನ್ನುತ್ತಾರೆ. ಆಮೇಲೆ ಉಪ್ಪು, ಅರಿಸಿನ ಹಚ್ಚಿ ಗಸಗಸ ಉಜ್ಜುವುದು. ಕೆಲವು ಕಡೆ ಕತ್ತರಿಯಿಂದಲೋ ಬ್ಲೇಡಿನಿಂದಲೋ ಆ ಮುಳ್ಳುಗಳನ್ನು ಕತ್ತರಿಸುವುದೂ ಉಂಟು. ಹಸುವಿನ ಬಾಯಲ್ಲಿ ಮುಳ್ಳಿನಂಥದ್ದು ಇರುವುದು ನಿಜ. ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ಗಟ್ಟಿಮೊನೆಗಳಿವೆ. ಅಂಗೈಯನ್ನು ಹಿಂದಿನಿಂದ ಮುಂದಕ್ಕೆ ಸವರಿದರೆ ಒರಟು ಅರದ ಹಾಗೆ ತರಚುತ್ತದೆ. ಕೆನ್ನೆಯ ಒಳಭಾಗದಲ್ಲಿ, ತುಟಿಯ ಮೂಲೆಯ ಹತ್ತಿರ, ಶಂಕುವಿನಾಕಾರದ ಮೊನೆಗಳು ಒತ್ತೊತ್ತಾಗಿ ಸಾಲುಗಟ್ಟಿವೆ. ಅವೂ ಹಿಂದಕ್ಕೇ ಬಾಗಿವೆ. ಆದರೆ ಇವು ಇಂದು ನಿನ್ನೆ ಬೆಳೆದವಲ್ಲ. ಪಕ್ಕದ ಕೊಟ್ಟಿಗೆಯಲ್ಲಿ ಚೆನ್ನಾಗಿ ಮೇಯುತ್ತಿರುವ ಹಸುವಿನ ಬಾಯಿ ತೆಗೆದು ನೋಡಿದರೂ ಅಷ್ಟೇ ಮುಳ್ಳು, ಅದೇ ಸಾಲು ಸಿಗುತ್ತವೆ.

ಶರೀರರಚನಾಶಾಸ್ತ್ರದಲ್ಲಿ ಇಂಥ ಸಣ್ಣ ಮೊನೆಗಳಿಗೆ ಪ್ಯಾಪಿಲ್ಲಾ ಎಂಬ ಹೆಸರಿದೆ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಮೊಲೆತೊಟ್ಟು. ಒಂದು ಹಾಸಿನಿಂದ ಮೇಲೆದ್ದು ನಿಂತ, ಒಳಗೆ ರಕ್ತನಾಳವೂ ನರವೂ ಇರುವ ಪುಟ್ಟ ಉಬ್ಬು ಎಲ್ಲೇ ಕಂಡರೂ ಆ ಹೆಸರು ಸಲ್ಲುತ್ತದೆ. ಇಲ್ಲಿ ಅದನ್ನು ತೊಟ್ಟು ಎಂದೇ ಕರೆಯೋಣ. ನಾಲಿಗೆಯಲ್ಲಿ, ದನದ ಹೊಟ್ಟೆಯೊಳಗೆ, ಕೂದಲ ಬುಡದಲ್ಲಿ, ಬೆರಳ ತುದಿಯ ಚರ್ಮದಡಿ, ಮೂತ್ರಪಿಂಡದೊಳಗೆ, ಹೀಗೆ ಮೈಯ ಹತ್ತಾರು ಕಡೆ ತೊಟ್ಟುಗಳಿವೆ. 1665ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ ಇವುಗಳ ವಿವರ ಬರೆದಾಗ ಅವನ ಮುಂದಿದ್ದದ್ದೂ ಎತ್ತಿನ ನಾಲಿಗೆಯೇ. ಅದರ ಮೇಲ್ಪದರ ಬಿಡಿಸಿ ಕೆಳಗಿನ ತೊಟ್ಟುಗಳನ್ನು ಅವನು ಗುರುತಿಸಿದ. ಮನುಷ್ಯರ ವಿಚಾರಕ್ಕೂ ದನಗಳ ವಿಚಾರಕ್ಕೂ ಸೇರಿಸಿ ನಾನು ಹೇಳಬೇಕೆಂದಿರುವುದು ಒಂದೇ ಮಾತು: ತೊಟ್ಟು ಕಂಡರೆ ಹೆದರಬೇಕಿಲ್ಲ, ಇರಬೇಕಾದ ತೊಟ್ಟು ಕಾಣದೆ ಹೋದಾಗ ಎಚ್ಚರಾಗಬೇಕು. ನಾವು ಮಾಡುತ್ತಿರುವುದು ಹೆಚ್ಚುಕಡಿಮೆ ಇದರ ತಿರುಗುಮುರುಗು.

ಮೊದಲು ಹಸುವಿನ ಬಾಯನ್ನೇ ನೋಡೋಣ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಅಲ್ಲಿರುವುದು ಗಟ್ಟಿಯಾದ ಒಸಡಿನ ದಿಂಬು. ಹುಲ್ಲನ್ನು ಕಚ್ಚಿ ಕತ್ತರಿಸುವುದಕ್ಕಿಂತ ಹೆಚ್ಚಾಗಿ ಅದು ನಾಲಿಗೆಯಿಂದ ಸುತ್ತಿ ಹಿಡಿದು ಬಾಯಿಗೆ ಎಳೆದುಕೊಳ್ಳುತ್ತದೆ. ಜಾರುವ ನಾಲಿಗೆಯಿಂದ ಆ ಕೆಲಸ ಆಗುವುದಿಲ್ಲ. ಹಿಡಿತ ಕೊಡುವುದು ಆ ಮುಳ್ಳುಗಳೇ. ಎಳೆದುಕೊಂಡ ಹುಲ್ಲು ಅಗಿಯುವಾಗ, ಮೆಲುಕು ಹಾಕುವಾಗ, ಬಾಯಿಂದಾಚೆ ಚೆಲ್ಲದಂತೆ ತಡೆದು ಒಳಗೊಳಗೇ ತಳ್ಳುವುದು ಕೆನ್ನೆಯ ಮೊನೆಗಳ ಕೆಲಸ. ಅಂದರೆ ಹಸು ಮೇವು ತಿನ್ನುವುದು ಈ ಮುಳ್ಳುಗಳಿಂದಲೇ. ಅವನ್ನು ಕತ್ತರಿಸಿ ಮೇವು ತಿನ್ನಿಸುತ್ತೇವೆ ಎನ್ನುವುದು ಕೈಬೆರಳು ಕತ್ತರಿಸಿ ಊಟಕ್ಕೆ ಕೂರಿಸಿದ ಹಾಗೆ.

'ಉಜ್ಜಿದ ಮೇಲೆ ಹಸು ತಿಂದದ್ದನ್ನು ಕಣ್ಣಾರೆ ಕಂಡಿದ್ದೇವಲ್ಲ' ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಅದನ್ನು ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲ, ಕಂಡವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಹಸು ಮೇವು ಬಿಡಲು ತೀರ ಸಾಮಾನ್ಯ ಕಾರಣ ಮೇವು ಬದಲಾದದ್ದರಿಂದಲೋ ಹೆಚ್ಚು ತಿಂದದ್ದರಿಂದಲೋ ಆಗುವ ಸಾದಾ ಅಜೀರ್ಣ. ಅದು ಒಂದೆರಡು ದಿನದಲ್ಲಿ ತಾನಾಗಿಯೇ ಸರಿಹೋಗುವುದುಂಟು. ಮೇವು ಬಿಟ್ಟ ಮಾರನೆಯ ದಿನ ಮುಳ್ಳು ಉಜ್ಜಿದರೆ, ಅದರ ಮಾರನೆಯ ದಿನ ಹಸು ತಿಂದರೆ, ಹೆಸರು ಉಪ್ಪಿಗೆ ಹೋಗುತ್ತದೆ. ಉಪ್ಪಿನಿಂದ ಒಂದಿಷ್ಟು ಉಪಕಾರವಾಗುವ ಸಾಧ್ಯತೆಯನ್ನೂ ಒಪ್ಪಬಹುದು. ಅದು ಜೊಲ್ಲು ಬರಿಸುತ್ತದೆ, ಜೊಲ್ಲು ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆ. ದೊಡ್ಡ ಹಸುವೊಂದು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಸುವುದು ಅದಕ್ಕಾಗಿಯೇ. ಹಾಗಿದ್ದರೆ ಒಂದು ಹಿಡಿ ಉಪ್ಪನ್ನು ನೆಕ್ಕಲು ಇಟ್ಟರೆ ಸಾಕಲ್ಲ, ನಾಲಿಗೆಯನ್ನು ಯಾಕೆ ಕೆರೆಯಬೇಕು? ಕಾಯಿಲೆ ಬಿದ್ದ ದಿನ ಮಾತ್ರ ನಾವು ಬಾಯಿ ತೆಗೆದು ನೋಡುತ್ತೇವೆ, ಅಲ್ಲಿ ಕಂಡದ್ದನ್ನೇ ಕಾಯಿಲೆ ಎನ್ನುತ್ತೇವೆ. ತಪ್ಪು ಹುಟ್ಟುವುದು ಅಲ್ಲಿ.

ಉಪಕಾರವಿಲ್ಲದಿದ್ದರೂ ಅಪಾಯವೇನು ಎಂದು ಕೇಳಿದರೆ, ಅಪಾಯ ದೊಡ್ಡದೇ ಇದೆ. ಕಾಲುಬಾಯಿ ಜ್ವರ ಬಂದ ದನದ ನಾಲಿಗೆಯ ಮೇಲೆ ಗುಳ್ಳೆಗಳೆದ್ದು ಒಡೆದು ಹಸಿ ಹುಣ್ಣಾಗಿರುತ್ತವೆ. ಅದರ ಮೇಲೆ ಉಪ್ಪು ಉಜ್ಜುವುದು ಹಿಂಸೆ. ಉಜ್ಜಿದ ಕೈ, ಬಟ್ಟೆಯ ಮೂಲಕ ರೋಗ ಪಕ್ಕದ ಕೊಟ್ಟಿಗೆಗೂ ದಾಟುತ್ತದೆ. ಬಾಯಲ್ಲೇ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಗಾಯದ ಮೂಲಕ ಒಳಗಿಳಿದರೆ ನಾಲಿಗೆ ಮರದ ತುಂಡಿನಂತೆ ಬಿರುಸಾಗುವ ರೋಗ ಬರುತ್ತದೆ. ಎಲ್ಲಕ್ಕಿಂತ ಭೀಕರವಾದದ್ದು ರೇಬೀಸ್. ಹುಚ್ಚುನಾಯಿ ಕಚ್ಚಿದ ದನವೂ ಮೊದಮೊದಲು ಮೇವು ಬಿಡುತ್ತದೆ, ನುಂಗಲಾರದೆ ಜೊಲ್ಲು ಸುರಿಸುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕಾಣುತ್ತದೆ. ಆಗ ಬರಿಗೈಯನ್ನು ಬಾಯೊಳಗೆ ಹಾಕಿ ಮುಳ್ಳು ಹುಡುಕಿದವರ ಕೈಯಲ್ಲಿ ಚಿಕ್ಕದೊಂದು ತರಚು ಗಾಯವಿದ್ದರೂ ಸಾಕು, ಜೀವಕ್ಕೆ ಸಂಚಕಾರ. ಜೊಲ್ಲು ಸುರಿಸುವ, ಧ್ವನಿ ಬದಲಾದ, ನಡೆಯುವಾಗ ಹಿಂಗಾಲು ತೊನೆಯುವ ದನದ ಬಾಯಿಗೆ ಯಾವ ಕಾರಣಕ್ಕೂ ಕೈ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರುಮಾಡಿಸಿಕೊಳ್ಳಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಇದಕ್ಕೆ ಮದ್ದಿಲ್ಲ. ಕರ್ನಾಟಕದಲ್ಲಿ 1962ಕ್ಕೆ ಕರೆ ಮಾಡಿದರೆ ಪಶುಸಂಜೀವಿನಿ ವಾಹನ ಮನೆ ಬಾಗಿಲಿಗೇ ಬರುವ ವ್ಯವಸ್ಥೆಯಿದೆ.

ಬಾಯಿಯ ಮುಳ್ಳುಗಳಿಂದ ಹಸುವಿಗೆ ತೊಂದರೆಯಾಗುವ ಒಂದು ಸಂದರ್ಭವೂ ಇದೆ, ಅದನ್ನು ಮುಚ್ಚಿಡಬಾರದು. ಎಲ್ಲವೂ ಒಳಮುಖವಾಗಿರುವುದರಿಂದ ಒಮ್ಮೆ ಬಾಯಿಗೆ ಹೋದದ್ದನ್ನು ಹಸು ಉಗುಳಲಾರದು. ಹುಲ್ಲಿನ ಜೊತೆ ಬಂದ ಮೊಳೆ, ತಂತಿ, ಸೂಜಿ, ಪ್ಲಾಸ್ಟಿಕ್ ಚೀಲ ಎಲ್ಲವೂ ಹೊಟ್ಟೆಗೇ ಹೋಗುತ್ತವೆ. ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ತಂತಿ ಹೋಗಿ ಕೂರುವ ಎರಡನೆಯದಕ್ಕೂ ಹೃದಯಕ್ಕೂ ನಡುವೆ ಕೆಲವೇ ಅಂಗುಲಗಳ ಅಂತರ. ಅದು ಚುಚ್ಚಿಕೊಂಡು ಮುಂದೆ ಸಾಗಿದರೆ ಹೃದಯದ ಸುತ್ತ ಕೀವು ತುಂಬುತ್ತದೆ. ಮೊಣಕೈ ಹೊರಚಾಚಿ ನಿಲ್ಲುವುದು, ಇಳಿಜಾರು ಇಳಿಯಲು ಹಿಂಜರಿಯುವುದು, ಎದೆಯ ಮುಂಭಾಗ ಊದಿಕೊಳ್ಳುವುದು ಇದರ ಸೂಚನೆಗಳು. ಕಡಲಾಮೆಗಳ ಪಾಡೂ ಇದೇ. ಅವುಗಳ ಅನ್ನನಾಳದ ತುಂಬ ಒಳಮುಖವಾದ ಉದ್ದ ಮುಳ್ಳುಗಳಿವೆ. ಜಾರುವ ಆಹಾರವನ್ನು ಹಿಡಿದಿಟ್ಟುಕೊಂಡು ನುಂಗಿದ ಉಪ್ಪುನೀರನ್ನು ಹೊರಹಾಕಲು ಅವು ಬೇಕು. ನಮ್ಮ ಉತ್ತರ ಕನ್ನಡದ, ಕುಂದಾಪುರದ ಮರಳದಂಡೆಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಆಮೆಯ ಗಂಟಲಿಗೆ ತೇಲುವ ಪ್ಲಾಸ್ಟಿಕ್ ಹೋದರೆ ಅದೇ ಮುಳ್ಳು ಅದನ್ನು ವಾಪಸು ಬಿಡುವುದಿಲ್ಲ. ತಪ್ಪು ಮುಳ್ಳಿನದಲ್ಲ, ಎಸೆದವರದು. ಸಾಂಬಾರು, ಪಲ್ಯ ಅಂಟಿದ ಪ್ಲಾಸ್ಟಿಕ್ ಚೀಲಕ್ಕೆ ಗಂಟು ಹಾಕಿ ರಸ್ತೆಗೆಸೆಯುವುದನ್ನು ಬಿಟ್ಟರೆ, ಹುಲ್ಲಿನ ಹೊರೆಯಿಂದ ಕಟ್ಟುತಂತಿಯನ್ನು ಆರಿಸಿ ತೆಗೆದರೆ, ಯಾವ ಮುಳ್ಳನ್ನೂ ಕತ್ತರಿಸಬೇಕಾಗಿಲ್ಲ.

ಹೈನುಗಾರರು ನಿಜವಾಗಿ ಕಾಳಜಿ ಮಾಡಬೇಕಾದ ತೊಟ್ಟುಗಳು ಕಣ್ಣಿಗೆ ಕಾಣದ ಕಡೆ ಇವೆ. ಬೋಟಿ ತೊಳೆದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಕುರಿ, ಮೇಕೆಯ ದೊಡ್ಡ ಹೊಟ್ಟೆಯ ಒಳಮೈ ಒರಟು ಟರ್ಕಿ ಟವೆಲಿನ ಹಾಗೆ ಇರುತ್ತದೆ; ಬಿಸಿನೀರಿಗೆ ಅದ್ದಿ ಕೆರೆದಾಗ ಕಪ್ಪು ಸಿಪ್ಪೆ ಬಿಟ್ಟು ಬರುವುದು ಆ ಎಳೆಎಳೆಯಾದ ತೊಟ್ಟುಗಳ ಮೇಲ್ಪದರವೇ. ಹಸುವಿನಲ್ಲಿ ಇವು ಒಂದು ಸೆಂಟಿಮೀಟರಿನಷ್ಟು ಉದ್ದ ಬೆಳೆಯುತ್ತವೆ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಮೇವನ್ನು ಕೊಳೆಸಿದಾಗ ಹುಟ್ಟುವ ಆಮ್ಲಗಳನ್ನು ಈ ತೊಟ್ಟುಗಳು ಹೀರಿ ರಕ್ತಕ್ಕೆ ಕೊಡುತ್ತವೆ. ಹಸುವಿಗೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಈ ದಾರಿಯಿಂದ. ತೊಟ್ಟು ಚೆನ್ನಾಗಿದ್ದರೆ ಹಾಲು, ತೊಟ್ಟು ಕುಗ್ಗಿದರೆ ಹಿಂಡಿ ಹಾಕಿದ್ದೂ ವ್ಯರ್ಥ.

ಇವು ಹುಟ್ಟಿನಿಂದಲೇ ಬೆಳೆದುಕೊಂಡು ಬಂದಿರುವುದಿಲ್ಲ. ಹುಟ್ಟಿದ ಕರುವಿನ ಹೊಟ್ಟೆಯಲ್ಲಿ ಅವು ಹೆಸರಿಗೆ ಮಾತ್ರ. ಬರೀ ಹಾಲು ಕುಡಿಸಿ ಸಾಕಿದರೆ ಹಾಗೇ ಉಳಿಯುತ್ತವೆ, ಏಕೆಂದರೆ ಕುಡಿದ ಹಾಲು ಆ ಹೊಟ್ಟೆಗೆ ಹೋಗದೆ ನೇರ ನಾಲ್ಕನೆಯ ಹೊಟ್ಟೆಗೆ ಇಳಿಯುತ್ತದೆ. ಒಣಹುಲ್ಲು ಹೊಟ್ಟೆಯನ್ನು ಹಿಗ್ಗಿಸುತ್ತದೆ, ತೊಟ್ಟುಗಳನ್ನು ಉದ್ದ ಮಾಡುವುದು ಮಾತ್ರ ಕಾಳಿನ ಆಹಾರ ಕೊಳೆತಾಗ ಹುಟ್ಟುವ ಆಮ್ಲಗಳೇ. ಆದ್ದರಿಂದ ಎರಡನೆಯ ವಾರದಿಂದಲೇ ಕರುವಿನ ಮುಂದೆ ಒಂದು ಹಿಡಿ ಕರುವಿನ ಆಹಾರವನ್ನೂ ಕುಡಿಯುವ ನೀರನ್ನೂ ಇಡಬೇಕು; ಮೂಸಿ ಬಿಟ್ಟರೂ ದಿನಾ ಹೊಸದಾಗಿ ಇಡಬೇಕು. ದೊಡ್ಡ ಹಸುವಿಗೂ ಇದೇ ನಿಯಮ. ಹಾಲು ಬತ್ತಿಸಿ ಬರೀ ಒಣಹುಲ್ಲಿನ ಮೇಲೆ ಬಿಟ್ಟ ಎರಡು ತಿಂಗಳಲ್ಲಿ ತೊಟ್ಟುಗಳು ಕುಗ್ಗುತ್ತವೆ, ಮತ್ತೆ ಬೆಳೆಯಲು ಕೆಲವು ವಾರಗಳೇ ಬೇಕು. ಈದ ದಿನವೇ ಖುಷಿಗೆ ಬುಟ್ಟಿ ತುಂಬ ಹಿಂಡಿ, ಬೂಸಾ ಸುರಿದರೆ ಆಮ್ಲ ಹುಟ್ಟುತ್ತದೆ, ಹೀರುವ ತೊಟ್ಟು ಇರುವುದಿಲ್ಲ, ಹೊಟ್ಟೆ ಹುಳಿಯಾಗುತ್ತದೆ. ಈಯಲು ಎರಡು ಮೂರು ವಾರ ಇರುವಾಗಲೇ ಅರ್ಧ ಕಿಲೋದಿಂದ ಶುರುಮಾಡಿ ದಿನದಿನಕ್ಕೆ ಒಂದಿಷ್ಟು ಏರಿಸುತ್ತ ಹೋಗುವುದು ಸರಿಯಾದ ದಾರಿ.

ಹಬ್ಬ, ಮದುವೆ ಮುಗಿದ ಮೇಲೆ ಉಳಿದ ಅನ್ನ, ಪಾಯಸ, ಹೋಳಿಗೆಯನ್ನು ಬಕೆಟ್ಟುಗಟ್ಟಲೆ ದನಕ್ಕೆ ಸುರಿಯುವುದನ್ನು ಪುಣ್ಯವೆಂದೇ ನಂಬಿದವರಿದ್ದಾರೆ. ಅವರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಬೆಂದ ಅನ್ನವೂ ಬೆಲ್ಲವೂ ಹೊಟ್ಟೆಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಯಾಗಿ, ತೊಟ್ಟುಗಳ ಮೇಲ್ಪದರವನ್ನು ಸುಟ್ಟು, ದನ ನೆಲ ಹಿಡಿದು ಸಾಯುವುದುಂಟು. ಬದುಕಿ ಉಳಿದ ದನದಲ್ಲೂ ತೊಟ್ಟುಗಳು ಒಂದಕ್ಕೊಂದು ಅಂಟಿಕೊಂಡು ಗಡುಸಾಗುತ್ತವೆ. ಆ ಗಾಯದಿಂದ ಬ್ಯಾಕ್ಟೀರಿಯಾ ಯಕೃತ್ತಿಗೆ ಸಾಗಿ ಕೀವುಗಡ್ಡೆ ಕಟ್ಟುತ್ತದೆ. ಹಬ್ಬದ ಪ್ರಸಾದವೆಂದು ಒಂದು ತುತ್ತು ಕೊಡಿ, ಬಕೆಟ್ಟು ಬೇಡ.

ಇನ್ನು ನಮ್ಮದೇ ನಾಲಿಗೆ. ಮೊಬೈಲಿನ ಟಾರ್ಚ್ ಹಾಕಿ ಕನ್ನಡಿಯ ಮುಂದೆ ಬಾಯಿ ತೆರೆಯುವುದು ಈಗ ಸುಲಭವಾಗಿದೆ, ಅದರ ಬೆನ್ನಿಗೇ ಭಯವೂ ಬಂದಿದೆ. ನಾಲಿಗೆಯನ್ನು ಚೆನ್ನಾಗಿ ಚಾಚಿದರೆ ತೀರ ಹಿಂದೆ ಉಬ್ಬುಗಳ ಒಂದು ಸಾಲು ಕಾಣುತ್ತದೆ. ಒಂದೊಂದೂ ಸಾಸಿವೆ ಕಾಳಿನಷ್ಟು ಅಥವಾ ಅದಕ್ಕಿಂತ ತುಸು ದೊಡ್ಡದು, ಎಂಟರಿಂದ ಹನ್ನೆರಡು ಇರುತ್ತವೆ, ಗಂಟಲಿನ ಕಡೆಗೆ ಮೊನೆ ಮಾಡಿದ ಬಾಣದ ತುದಿಯ ಆಕಾರದಲ್ಲಿ ನಿಂತಿರುತ್ತವೆ. ಕೋಟೆಯ ಸುತ್ತ ಅಗಳು ತೋಡಿದ ಹಾಗೆ ಪ್ರತಿಯೊಂದರ ಸುತ್ತ ಒಂದು ಕಂದಕವಿದೆ. ಕಂದಕದ ಗೋಡೆಯಲ್ಲಿ ನೂರಾರು ರುಚಿಮೊಗ್ಗುಗಳಿವೆ, ತಳದಲ್ಲಿ ಅದನ್ನು ತೊಳೆಯುತ್ತಿರುವ ಸಣ್ಣ ಗ್ರಂಥಿಗಳಿವೆ. ಈ ಉಬ್ಬುಗಳನ್ನು ಕ್ಯಾನ್ಸರ್ ಗಡ್ಡೆಯೆಂದು ತಿಳಿದು ರಾತ್ರಿಯೆಲ್ಲ ನಿದ್ದೆಗೆಡುವವರಿದ್ದಾರೆ. ನಾಲಿಗೆಯ ಹಿಂಬದಿಯ ಎರಡೂ ಅಂಚುಗಳಲ್ಲಿ ಪುಸ್ತಕದ ಹಾಳೆಗಳಂತೆ ನಿಂತ ಮಡಿಕೆಗಳು ಎರಡನೆಯ ಬಗೆ. ತುದಿಯಲ್ಲಿ, ಬದಿಯಲ್ಲಿ ಕೆಂಪು ಚುಕ್ಕೆಗಳಂತೆ ಕಾಣುವ ಅಣಬೆಯಾಕಾರದವು ಮೂರನೆಯವು. ಒಂದು ಲೋಟ ಹಾಲು ಕುಡಿದ ಕೂಡಲೇ ನೋಡಿದರೆ ಬಿಳಿಯ ನಡುವೆ ಇವು ಎದ್ದು ಕಾಣುತ್ತವೆ. ಉಳಿದ ಜಾಗವನ್ನೆಲ್ಲ ತುಂಬಿರುವುದು ಎಳೆಯಾಕಾರದ ಸಣ್ಣ ತೊಟ್ಟುಗಳು. ಸಂಖ್ಯೆಯಲ್ಲಿ ಇವೇ ಹೆಚ್ಚು, ಇವುಗಳಲ್ಲಿ ರುಚಿಮೊಗ್ಗಿಲ್ಲ. ಒರಟುತನ ಕೊಡುವುದಷ್ಟೇ ಇವುಗಳ ಕೆಲಸ. ನಾಲಿಗೆಗೆ ಮಖಮಲ್ಲಿನ ಮೈ ಬಂದಿರುವುದು ಇವುಗಳಿಂದ. ತುದಿಗೆ ಸಿಹಿ, ಹಿಂದಕ್ಕೆ ಕಹಿ ಎಂದು ಶಾಲೆಯಲ್ಲಿ ಬಿಡಿಸಿದ ರುಚಿಯ ನಕಾಶೆಯನ್ನು ಮರೆತುಬಿಡಬಹುದು. 1901ರಲ್ಲಿ ಜರ್ಮನಿಯ ಹೇನಿಗ್ ಗಮನಿಸಿದ ಅತಿ ಚಿಕ್ಕ ವ್ಯತ್ಯಾಸ ಮುಂದೆ ಪುಸ್ತಕದಿಂದ ಪುಸ್ತಕಕ್ಕೆ ಉಬ್ಬುತ್ತ ಆ ನಕಾಶೆಯಾಯಿತು. ರುಚಿಮೊಗ್ಗಿರುವ ಎಲ್ಲ ಕಡೆಯೂ ಎಲ್ಲ ರುಚಿಯೂ ತಿಳಿಯುತ್ತದೆ.

ಎಲ್ಲ ಉಬ್ಬೂ ಸಹಜ ಎಂದರೆ ನಿಜವಾದ ಕ್ಯಾನ್ಸರನ್ನು ಕಡೆಗಣಿಸಿದ ಹಾಗಾಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ನಾಲಿಗೆಯ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಬದಿಯ ಅಂಚಿನಲ್ಲೇ. ಗುರುತಿಸಲು ಒಂದು ಸರಳ ದಾರಿಯಿದೆ: ಸಹಜ ತೊಟ್ಟುಗಳಿಗೆ ಜೋಡಿಯಿರುತ್ತದೆ. ಎಡಕ್ಕೆ ಕಂಡದ್ದು ಬಲಕ್ಕೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕಂಡರೆ, ಮುಟ್ಟಿದಾಗ ಮೆತ್ತಗಿದ್ದರೆ, ಸಮಾಧಾನವಾಗಿರಿ. ಒಂದೇ ಬದಿಗೆ ಗಟ್ಟಿ ಗಂಟು, ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ರಕ್ತ, ಇವುಗಳಲ್ಲಿ ಯಾವುದು ಕಂಡರೂ ದಂತವೈದ್ಯರ ಹತ್ತಿರವೋ ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರವೋ ಹೋಗಲೇಬೇಕು. ತಂಬಾಕು, ಗುಟ್ಕಾ ಹಾಕುವವರು ಎರಡು ವಾರವೂ ಕಾಯದಿದ್ದರೆ ಒಳ್ಳೆಯದು.

ನಾಲಿಗೆಯ ಮೇಲಿನ ಬಿಳಿ ಲೇಪಕ್ಕೂ ಇಷ್ಟೇ ಲೆಕ್ಕ. ಎಳೆತೊಟ್ಟುಗಳ ಸಂದಿಯಲ್ಲಿ ಉದುರಿದ ಜೀವಕೋಶ, ಅನ್ನದ ಅಂಶ, ಬ್ಯಾಕ್ಟೀರಿಯಾ ಸೇರಿ ಅದು ಆಗುತ್ತದೆ. ಬೆಳಿಗ್ಗೆ ಟಂಗ್ ಕ್ಲೀನರಿನಿಂದ ಹಿಂದಿನಿಂದ ಮುಂದಕ್ಕೆ ಎರಡು ಮೂರು ಸಲ ಹಗುರವಾಗಿ ಎಳೆದರೆ ಸಾಕು. ಕೆಂಪಗಾಗುವವರೆಗೆ ಕೆರೆದರೆ ಗಾಯವೇ ಹೊರತು ಸ್ವಚ್ಛತೆಯಲ್ಲ. ಕೆಲವರಲ್ಲಿ ಈ ತೊಟ್ಟುಗಳು ಉದುರದೆ ಉದ್ದವಾಗಿ ಬೆಳೆದು, ಬಣ್ಣ ಹೀರಿ, ಕಪ್ಪು ಕೂದಲು ಬಂದಂತೆ ಕಾಣುವುದೂ ಉಂಟು. ಬೀಡಿ ಸಿಗರೇಟು, ಆ್ಯಂಟಿಬಯೋಟಿಕ್, ಬಾಯಿ ಸ್ವಚ್ಛವಿಲ್ಲದಿರುವುದು ಇದಕ್ಕೆ ಕಾರಣ. ನೋಡಲು ಗಾಬರಿ ಹುಟ್ಟಿಸಿದರೂ ಕಾರಣ ನಿಂತರೆ ಅದೂ ನಿಲ್ಲುತ್ತದೆ.

ಗಾಬರಿ ಹುಟ್ಟಿಸಬೇಕಾದ ನಾಲಿಗೆ ಬೇರೆಯೇ, ಅದು ನೋಡಲು ನುಣುಪಾಗಿ ಚೆಂದವಾಗಿರುತ್ತದೆ. ತೊಟ್ಟುಗಳ ಮೇಲಿನ ಕೋಶಗಳು ಬಹಳ ಬೇಗ ಸವೆದು ಬೇಗ ಹುಟ್ಟುವಂಥವು. ರುಚಿಮೊಗ್ಗಿನ ಕೋಶಗಳ ಆಯುಸ್ಸು ಸುಮಾರು ಹತ್ತು ದಿನ. ಇಷ್ಟು ಚುರುಕಾಗಿ ಬೆಳೆಯುವ ಜಾಗಕ್ಕೆ ಪೋಷಣೆ ತಪ್ಪಿದರೆ ಕೊರತೆ ಬೇಗ ಕಾಣುತ್ತದೆ. ಬಿ12 ಜೀವಸತ್ವ ಕಡಿಮೆಯಾದರೆ ತೊಟ್ಟುಗಳು ಅಳಿದು ನಾಲಿಗೆ ಕೆಂಪಗೆ, ನುಣ್ಣಗಾಗಿ ಉರಿಯುತ್ತಿರುತ್ತದೆ. ಕಬ್ಬಿಣದ ಕೊರತೆಯಲ್ಲಿ ನುಣ್ಣಗಾಗಿ ಬಿಳಿಚಿಕೊಂಡಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಹಾಗಿರುವಾಗ 'ಖಾರ ತಿಂದರೆ ನಾಲಿಗೆ ಉರಿ' ಎಂದು ಮನೆಯ ಹೆಂಗಸರು ಹೇಳಿದ ಮಾತನ್ನು 'ಉಷ್ಣ ಆಗಿದೆ, ಮಜ್ಜಿಗೆ ಕುಡಿ' ಎಂದು ತೇಲಿಸಿಬಿಡುವುದು ಅನ್ಯಾಯ. ಹಾಲು ಮೊಸರನ್ನೂ ಹೆಚ್ಚು ಬಳಸದ ಸಸ್ಯಾಹಾರಿಗಳು, ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು, ಎದೆಯುರಿಗೆ ವರ್ಷಗಟ್ಟಲೆ ಮಾತ್ರೆ ತೆಗೆದುಕೊಳ್ಳುವವರು ಬಿ12 ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು. ನಾಲಿಗೆ ನುಣುಪಿನ ಜೊತೆ ಕಾಲು ಜೋಮು ಹಿಡಿಯುತ್ತಿದ್ದರೆ ತಡ ಮಾಡಬಾರದು, ನರಕ್ಕಾದ ಹಾನಿ ಬಹಳ ದಿನ ಉಳಿದರೆ ಪೂರ್ತಿ ವಾಸಿಯಾಗದಿರಬಹುದು. ಅಂಗಡಿಯಿಂದ ತಂದ ಫೋಲಿಕ್ ಆಮ್ಲದ ಮಾತ್ರೆಯನ್ನಷ್ಟೇ ನುಂಗಿದರೆ ರಕ್ತ ಸುಧಾರಿಸಿದಂತೆ ಕಂಡು ಈ ಹಾನಿ ಮರೆಯಲ್ಲಿ ಮುಂದುವರಿಯುತ್ತದೆ, ಆದ್ದರಿಂದ ಪರೀಕ್ಷೆಯ ನಂತರವೇ ಮಾತ್ರೆ.

ನನ್ನ ಮಾತಿಗೆ ಒಂದು ಅಪವಾದವಿದೆ. ಕೆಲವರ ನಾಲಿಗೆಯ ಮೇಲೆ ಅಲ್ಲಲ್ಲಿ ತೊಟ್ಟು ಉದುರಿ, ಬಿಳಿ ಅಂಚಿನ ಕೆಂಪು ತೇಪೆಗಳಾಗಿ, ಭೂಪಟದ ಹಾಗೆ ಕಾಣುತ್ತದೆ. ಇಂದು ಇಲ್ಲಿದ್ದ ತೇಪೆ ಮುಂದಿನ ವಾರ ಅಲ್ಲಿರುತ್ತದೆ. ಜಾಗ ಬದಲಿಸುತ್ತಿರುವುದೇ ಅದು ನಿರಪಾಯಕಾರಿ ಎಂಬುದಕ್ಕೆ ಗುರುತು. ಖಾರ ಹುಳಿ ತಿಂದಾಗ ಚುರುಗುಟ್ಟುವುದನ್ನು ಬಿಟ್ಟರೆ ಬೇರೆ ತೊಂದರೆಯಿಲ್ಲ. ಚಿಂತೆ ಮಾಡಬೇಕಾದದ್ದು ಒಂದೇ ಕಡೆ ನಿಂತು ಹರಡುತ್ತ ಹೋಗುವ ನುಣುಪಿಗೆ.

ಅಡಿಕೆಯ ವಿಚಾರಕ್ಕೆ ಬಂದರೆ ಈ ಮಾತಿನ ತೂಕ ಇನ್ನೂ ಹೆಚ್ಚುತ್ತದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು, ಎಷ್ಟೋ ಕುಟುಂಬಗಳ ಅನ್ನ ಅದರಿಂದ ಬರುತ್ತದೆ. ಹಾಗೆಂದು ಬಾಯಲ್ಲಿ ಅದು ಮಾಡುವ ಕೆಲಸವನ್ನು ಹೇಳದಿರಲಾಗದು. ತಂಬಾಕು ಇಲ್ಲದೆ ಬರೀ ಅಡಿಕೆ ಜಗಿದರೂ ಕ್ಯಾನ್ಸರ್ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಅದಕ್ಕೂ ಮುಂಚೆ ಬರುವುದು ಬಾಯಿ ಬಿಗಿಯುವ ರೋಗ. ಕೆನ್ನೆಯ ಒಳಪದರ ನಾರುಗಟ್ಟುತ್ತದೆ, ಮೆಣಸಿನಕಾಯಿ ತಾಗಿದರೆ ಬಾಯೆಲ್ಲ ಉರಿಯುತ್ತದೆ, ತೊಟ್ಟುಗಳು ಅಳಿದು ನಾಲಿಗೆ ಬಿಳಿಚಿ ನುಣ್ಣಗಾಗುತ್ತದೆ. ಮನೆಯಲ್ಲೇ ನೋಡಿಕೊಳ್ಳುವುದು ಹೀಗೆ: ನಿಮ್ಮ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಯಬೇಕು. ಎರಡೇ ಹಿಡಿದರೆ, ಜೊತೆಗೆ ನಾಲಿಗೆಯ ಮೈ ನುಣುಪಾಗಿ ಕಂಡರೆ, ಬಾಯಲ್ಲಿರುವ ಅಡಿಕೆಯನ್ನು ಅಲ್ಲಿಯೇ ಉಗಿದು, ಅದೇ ವಾರ ದಂತವೈದ್ಯರಿಗೆ ತೋರಿಸಿ. ನಾರುಗಟ್ಟಿದ ಭಾಗ ಪೂರ್ತಿ ಮೊದಲಿನಂತಾಗುವುದು ಕಷ್ಟ, ಇದ್ದಲ್ಲಿಗೆ ನಿಲ್ಲಿಸಲು ಮಾತ್ರ ಸಾಧ್ಯ. ಅದಕ್ಕೂ ಜಗಿಯುವುದನ್ನು ಬಿಟ್ಟ ದಿನದಿಂದಲೇ ಲೆಕ್ಕ ಶುರು.